ಏಳು ವರ್ಷ ತುಳಿದ ಮೇಲೆ: ಚಾವಡಿಯ ಅಮೃತಶಿಲೆ, ಅಡುಗೆ ಕಟ್ಟೆಯ ಗ್ರಾನೈಟ್

ನಮ್ಮ ಮನೆಯಿಂದ ಮಲ್ಪೆ ಕಡಲಿಗೆ ಹತ್ತು ನಿಮಿಷದ ನಡಿಗೆ. 7 ವರ್ಷಗಳ ಹಿಂದೆ ಮನೆ ಕಟ್ಟಿಸುವಾಗ ಚಾವಡಿಗೆ ಬಿಳಿ ಅಮೃತಶಿಲೆ, ಅಡುಗೆ ಕಟ್ಟೆಗೆ ಬೂದು ಗ್ರಾನೈಟ್ ಹಾಕಿಸಿದೆವು. “ಎರಡೂ ಕಲ್ಲೇ, ಮೊಮ್ಮಕ್ಕಳ ಕಾಲಕ್ಕೂ ಬರುತ್ತವೆ” ಎಂದು ಅಂಗಡಿಯವರು ಹೇಳಿದ್ದರು. ನಾನು ನಂಬಿದೆ.

ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನಿಂದ ಮೆಟ್ಟಿಲವರೆಗಿನ ಹೊಳಪು ಹೋಯಿತು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಅಲ್ಲಿ ಕೂದಲೆಳೆಯಂಥ ಗೀರುಗಳು ಸಾವಿರಾರು. ಸೋಫಾದ ಅಡಿಯ ಕಲ್ಲು ಮಾತ್ರ ಇಂದಿಗೂ ಕನ್ನಡಿಯಂತಿದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಗೀರಿದ್ದು ಕುರ್ಚಿಯ ಕಾಲಲ್ಲ, ಅದರ ಅಡಿಗೆ ಸಿಕ್ಕ ಮರಳು. ಖನಿಜಗಳಲ್ಲಿ ಯಾವುದು ಯಾವುದನ್ನು ಗೀರಬಲ್ಲದು ಎಂದು ನೋಡಿ ಫ್ರೀಡ್ರಿಕ್ ಮೋಸ್ 1812ರಲ್ಲಿ 1ರಿಂದ 10ರವರೆಗಿನ ಗಡಸುತನದ ಶ್ರೇಣಿಯೊಂದನ್ನು ಮಾಡಿದರು, ಅಂಕಿ ಹೆಚ್ಚಿದಷ್ಟೂ ಗಡಸು. ಅಮೃತಶಿಲೆಯ ಮುಖ್ಯ ಖನಿಜ ಕ್ಯಾಲ್ಸೈಟ್‌ಗೆ ಅದರಲ್ಲಿ 3. ಕಡಲ ಮರಳಿನಲ್ಲಿರುವ ಬೆಣಚುಕಲ್ಲಿಗೆ 7. ಮಕ್ಕಳ ಪಾದಕ್ಕಂಟಿ ಬಂದ ಒಂದು ಹಿಡಿ ಮರಳು ನಮ್ಮ ಚಾವಡಿಗೆ ಉಪ್ಪುಕಾಗದವೇ ಆಯಿತು. ನಾವು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆವು, ಎಂದರೆ ದಿನವೂ ಕೈಯಾರೆ ಉಜ್ಜುತ್ತಿದ್ದೆವು. ನಾಲ್ಕನೆಯ ವರ್ಷ ಪಾಲಿಶ್ ಮಾಡಿಸಿದೆ, ಎರಡು ವರ್ಷವೂ ನಿಲ್ಲಲಿಲ್ಲ. ಹೊಸ್ತಿಲ ಹೊರಗೆ ತೆಂಗಿನ ನಾರಿನ ಕಾಲೊರಸು, ಅಂಗಳದಲ್ಲಿ ಕಾಲು ತೊಳೆಯಲು ನಲ್ಲಿ, ಗುಡಿಸಿದ ಮೇಲಷ್ಟೇ ಒರೆಸುವುದು: ಇಷ್ಟರಿಂದ ಆದ ಉಪಕಾರ ಪಾಲಿಶ್‌ನಿಂದ ಆಗಲಿಲ್ಲ.

ಗ್ರಾನೈಟ್ ಕಟ್ಟೆಯ ಕಥೆಯೇ ಬೇರೆ. ಅದರಲ್ಲಿ ಗಡಸುತನ 6ರ ಫೆಲ್ಡ್‌ಸ್ಪಾರ್ ಎಂಬ ಖನಿಜ ಇದೆ, 7ರ ಬೆಣಚೂ ಇದೆ. ಒಮ್ಮೆ ಚಾಕು ಎಳೆದಾಗ ಬೂದುಗೆರೆ ಮೂಡಿತು. ಗೀರೆಂದು ಗಾಬರಿಯಾದೆ, ಉಜ್ಜಿದರೆ ಹೋಯಿತು. ಸವೆದದ್ದು ಚಾಕು, ಅದರ ಉಕ್ಕು ಕಲ್ಲಿಗೆ ಮೆತ್ತಿಕೊಂಡಿತ್ತು. ಅಲ್ಲಿ ತರಕಾರಿ ಹೆಚ್ಚಿದರೆ ಚಾಕು ಬೇಗ ಮೊಂಡಾಗುತ್ತದೆ, ಮಣೆ ಇಟ್ಟುಕೊಳ್ಳಿ. ಕಾರ್ಕಳದ ಗೊಮ್ಮಟ 1432ರಿಂದ ಬಯಲಿನಲ್ಲಿ ನಮ್ಮ ಕರಾವಳಿಯ ಮಳೆಗೆ ಒಡ್ಡಿಕೊಂಡು ನಿಂತಿರುವುದೂ ಗ್ರಾನೈಟ್ ಮೈಯಲ್ಲೇ.

ಆದರೆ ಗಡಸುತನ ಬೇರೆ, ಪೆಟ್ಟು ತಾಳುವ ಶಕ್ತಿ ಬೇರೆ. ಕುಟ್ಟುವ ಕಲ್ಲು ಕೈಜಾರಿ ಬಿದ್ದ ಒಂದೇ ಏಟಿಗೆ ಕಟ್ಟೆಯ ಅಂಚು ಚಕ್ಕೆಯೆದ್ದು ಹೋಯಿತು. ಅಂಚನ್ನು ದುಂಡಗೆ ಮಾಡಿಸಿದ್ದರೆ ಬಹುಶಃ ಉಳಿಯುತ್ತಿತ್ತು. ಹೇಳುವವರು ಯಾರೂ ಇರಲಿಲ್ಲ.

ಅಮೃತಶಿಲೆಯ ಇನ್ನೊಂದು ಶತ್ರು ಹುಳಿ. ಪುನರ್ಪುಳಿ ಶರಬತ್ತು ಚೆಲ್ಲಿ ರಾತ್ರಿಯೆಲ್ಲ ಉಳಿದ ಕಡೆ ಗೀರಿಲ್ಲ, ಆದರೂ ಅಂಗೈಯಗಲ ಮಂಕಾಗಿದೆ. ಆಮ್ಲ ಕ್ಯಾಲ್ಸೈಟನ್ನು ಕರಗಿಸುತ್ತದೆ, ಗಡಸುತನದ ಅಂಕಿಯಿಂದ ಇದು ತಿಳಿಯುವುದಿಲ್ಲ.

ಗ್ರಾನೈಟ್‌ಗೆ 5ರಲ್ಲಿ 4 ಅಂಕ. ಅಮೃತಶಿಲೆಗೆ 2, ಅದೂ ಬೇಸಿಗೆಯ ಮಧ್ಯಾಹ್ನ ಅಮ್ಮ ಅದರ ತಂಪಿನಲ್ಲಿ ಚಾಪೆಯಿಲ್ಲದೆ ಮಲಗುತ್ತಾರೆ ಎಂಬುದಕ್ಕೆ.