ಹಸಿರು ಸ್ಯಾಟರ್ನ್, ಬೆಳ್ಳಿ ಸ್ಯಾಟರ್ನ್: ಇಪ್ಪತ್ತೆರಡು ವರ್ಷ ಓಡಿಸಿದವನ ಮಾತು

ಮೊದಲು ಗಾಡಿಗಳ ಜಾತಕ ಹೇಳಿಬಿಡ್ತೀನಿ. ಒಂದು, 1997ರ ಎಸ್‌ಎಲ್2 ಸೆಡಾನ್. ಕಡು ಹಸಿರು, ಐದು ಗೇರಿನ ಮ್ಯಾನ್ಯುಯಲ್. ಹೊಸದಾಗಿ ಕೊಂಡದ್ದು, 2011ರವರೆಗೆ ನಮ್ಮ ಮನೆಯಲ್ಲಿತ್ತು, 2,08,000 ಮೈಲಿ ಓಡಿತು. ಇನ್ನೊಂದು, 2004ರ ವ್ಯೂ, ಎತ್ತರದ ಎಸ್‌ಯುವಿ. ಬೆಳ್ಳಿ ಬಣ್ಣ, ಆರು ಸಿಲಿಂಡರಿನ ವಿ6 ಎಂಜಿನ್. 2019ರವರೆಗೆ 1,71,000 ಮೈಲಿ. ಎರಡೂ ಜನರಲ್ ಮೋಟರ್ಸ್ ಕಟ್ಟಿದ ಸ್ಯಾಟರ್ನ್ ಅನ್ನೋ ಕಂಪನಿಯವು, ಎರಡೂ ಅಮೆರಿಕದ ಟೆನೆಸ್ಸಿ ರಾಜ್ಯದ ಸ್ಪ್ರಿಂಗ್ ಹಿಲ್ ಕಾರ್ಖಾನೆಯಲ್ಲಿ ಹುಟ್ಟಿದವು. ನಾವಿದ್ದ ನ್ಯಾಶ್‌ವಿಲ್‌ನಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆ ದಾರಿ ಅಷ್ಟೇ. ನಿಂತುಹೋದ ಕಂಪನಿಯ ಕಾರಿನ ಬಗ್ಗೆ ಈಗ ಯಾಕೆ ಬರೀತಿದ್ದೀನಿ ಅಂದರೆ, ಮೊನ್ನೆ ಪರಿಚಯದ ಹುಡುಗನೊಬ್ಬ ಫೋನ್ ಮಾಡಿ, 'ಹಳೇ ವ್ಯೂ ಒಂದು ಅಗ್ಗಕ್ಕೆ ಬಂದಿದೆ, ತಗೊಳ್ಳಬಹುದಾ ಅಂಕಲ್?' ಅಂದ. ಅವನಿಗೆ ಐದು ನಿಮಿಷದಲ್ಲಿ ಉತ್ತರ ಕೊಟ್ಟೆ. ಆದರೆ ರಾತ್ರಿಯೆಲ್ಲ ಆ ಎರಡು ಗಾಡಿಗಳೇ ಕಣ್ಣ ಮುಂದೆ.

1996ರಲ್ಲಿ ಅಮೆರಿಕಕ್ಕೆ ಬಂದೆ. ಕಾರಿಲ್ಲದೆ ಹಾಲು ತರೋಕೂ ಆಗದ ಬಡಾವಣೆ. ಆರು ತಿಂಗಳು ಸಹೋದ್ಯೋಗಿಗಳ ಕಾರಿನಲ್ಲಿ ಓಡಾಡಿ, ದುಡ್ಡು ಕೂಡಿಸಿ, ಒಂದು ಶನಿವಾರ ಕಾರು ಮಾರುವ ಅಂಗಡಿಯೊಂದಕ್ಕೆ ಹೋದೆ. ಸ್ಯಾಟರ್ನ್ ಅಂಗಡಿಯಲ್ಲ, ಬೇರೆಯದು. ಚೌಕಾಸಿ ನನಗೆ ಹೊಸದೇನಲ್ಲ. ಸಕಲೇಶಪುರದ ಸಂತೆಯಲ್ಲಿ ಅಜ್ಜಿಯ ಚೀಲ ಹಿಡಿದು ಬೆಳೆದವನು ನಾನು. ಆದರೆ ಸಂತೆಯ ಚೌಕಾಸಿಗೆ ಒಂದು ಮರ್ಯಾದೆ ಇರುತ್ತೆ. ಕೊಡೋರಿಗೂ ತಗೊಳ್ಳೋರಿಗೂ ಅವತ್ತಿನ ಧಾರಣೆ ಗೊತ್ತಿರುತ್ತೆ, ಹೆಚ್ಚುಕಮ್ಮಿ ಎಂಟಾಣೆಯ ಆಟ. ಇಲ್ಲಿ ನನಗೆ ಧಾರಣೆಯೇ ಗೊತ್ತಿಲ್ಲ. ಆ ಮನುಷ್ಯ 'ಮ್ಯಾನೇಜರನ್ನ ಕೇಳಿ ಬರ್ತೀನಿ' ಅಂತ ಒಳಗೆ ಹೋಗೋದು, ಬಂದು ಇನ್ನೊಂದು ಅಂಕಿ ಬರೆಯೋದು. ನಾಲ್ಕು ಗಂಟೆ ಹೊತ್ತು ಹೀಗೇ ಆಯಿತು. ನನ್ನ ಇಂಗ್ಲಿಷ್ ಉಚ್ಚಾರಣೆ ಕೇಳಿದ ಮೇಲೆ ಬೆಲೆ ಏರಿತೇನೋ ಅನ್ನೋ ಅನುಮಾನ ಹೊತ್ತುಕೊಂಡು ಬರಿಗೈಯಲ್ಲಿ ವಾಪಸ್ ಬಂದೆ. ಮನೆಗೆ ಬಂದು ಊಟ ಸೇರಲಿಲ್ಲ.

ಮುಂದಿನ ವಾರ ಸ್ಯಾಟರ್ನ್ ಅಂಗಡಿ. ಗಾಜಿನ ಮೇಲೆ ಅಂಟಿಸಿದ ಚೀಟಿಯಲ್ಲಿದ್ದ ಬೆಲೆಯೇ ಬೆಲೆ. ನಾನು ಅಭ್ಯಾಸಬಲದಿಂದ 'ಸ್ವಲ್ಪ ಕಡಿಮೆ…' ಅಂತ ಶುರು ಮಾಡಿದೆ. ಮಾರುವ ಹೆಂಗಸು ಸಮಾಧಾನವಾಗಿ, 'ನಿಮಗೂ ಇದೇ, ನಿಮ್ಮ ಹಿಂದೆ ಬರೋರಿಗೂ ಇದೇ' ಅಂದರು. ಇಷ್ಟವಾಗದಿದ್ದರೆ 30 ದಿನದೊಳಗೆ ವಾಪಸ್ ತನ್ನಿ ಅಂದರು. ಆಮೇಲೆ ಕಾರಿನ ಬಾಗಿಲಿಗೆ ಮಂಡಿ ಒತ್ತಿ ನಿಂತರು. ಬಾಗಿಲು ಅಂಗೈಯಷ್ಟು ಒಳಗೆ ಹೋಗಿ, ಮಂಡಿ ತೆಗೆದ ಕೂಡಲೇ 'ಟಪ್' ಅಂತ ಮೊದಲಿನ ಹಾಗೆ ಆಯಿತು. ಆ ದೇಶದಲ್ಲಿ ಮೊದಲ ಸಲ ನನಗೂ ಎಲ್ಲರಿಗೂ ಒಂದೇ ಧಾರಣೆ ಅನ್ನಿಸಿದ್ದು ಅವತ್ತು. ಆ ಭಾವನೆಗೆ ಎಷ್ಟು ಬೆಲೆ ಕಟ್ಟಬೇಕೋ ನನಗೆ ಇವತ್ತಿಗೂ ತಿಳಿಯದು.

ಊರಿಗೆ ಫೋನ್ ಮಾಡಿದೆ. ಆಗ ನಿಮಿಷಕ್ಕೆ ಇಷ್ಟು ಅಂತ ಗಡಿಯಾರ ನೋಡಿಕೊಂಡು ಮಾತಾಡುವ ಕಾಲ. 'ಸ್ಯಾಟರ್ನ್ ಅಂದರೆ ಏನೋ?' ಅಂತ ಅಮ್ಮ ಕೇಳಿದರು. ಶನಿಗ್ರಹ ಅಂದೆ. ಆ ಕಡೆ ಒಂದು ನಿಮಿಷ ಸದ್ದಿಲ್ಲ. ಅಮೆರಿಕದವರನ್ನ ಚಂದ್ರನ ಮೇಲೆ ಇಳಿಸಿದ ರಾಕೆಟ್ಟಿನ ಹೆಸರು ಅದು, ಅದನ್ನೇ ಕಾರಿಗೆ ಇಟ್ಟಿದ್ದಾರೆ ಅಂತ ವಿವರಿಸಿದೆ. ಅಮ್ಮ ಯೋಚನೆ ಮಾಡಿ ಹೇಳಿದ್ದು ಇಷ್ಟು: 'ಕಪ್ಪು ಬೇಡ, ನೀಲಿ ಬೇಡ. ಶನಿ ಕೊಟ್ಟಿದ್ದನ್ನ ಯಾರೂ ಕಿತ್ತುಕೊಳ್ಳೋಕೆ ಆಗಲ್ಲ, ತಗೋ.' ಹಾಗಾಗಿ ಹಸಿರು. ಆಮೇಲೆ ಗೊತ್ತಾಯಿತು, ಅವತ್ತಿನಿಂದ ಅಮ್ಮ ಪ್ರತಿ ಶನಿವಾರ ನನ್ನ ಹೆಸರಿನಲ್ಲಿ ಎಳ್ಳೆಣ್ಣೆ ದೀಪ ಹಚ್ಚಿಸುತ್ತಿದ್ದರು ಅಂತ. ಹದಿನಾಲ್ಕು ವರ್ಷದಲ್ಲಿ ಆ ಕಾರು ನಮ್ಮನ್ನ ಒಂದು ದಿನವೂ ದಾರಿಯಲ್ಲಿ ಬಿಡಲಿಲ್ಲ.

ಕೀಲಿ ಕೊಟ್ಟ ದಿನ ಅಂಗಡಿಯಲ್ಲಿದ್ದ ಕೆಲಸದವರೆಲ್ಲ, ಗ್ರೀಸ್ ಮೆತ್ತಿದ ಅಂಗಿಯ ಮೆಕ್ಯಾನಿಕ್ಕುಗಳೂ ಸೇರಿ, ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಸ್ಯಾಟರ್ನ್ ಕೊಂಡ ಎಲ್ಲರಿಗೂ ಹೀಗೇ ಮಾಡುತ್ತಿದ್ದರು, ನನಗೊಬ್ಬನಿಗೆ ಅಲ್ಲ. ಆದರೂ ಕಣ್ಣು ತುಂಬಿತು. ನಾನೂ ನನ್ನ ಹೆಂಡತಿಯೂ ಕಾರಿನ ಮುಂದೆ ನಿಂತ ಫೋಟೋ ತೆಗೆದುಕೊಟ್ಟರು. ಅಲ್ಲಿಂದ ಸೀದಾ ನ್ಯಾಶ್‌ವಿಲ್‌ನ ಗಣೇಶ ದೇವಸ್ಥಾನ. ಬಾನೆಟ್ಟಿಗೆ ಅರಿಶಿನ ಕುಂಕುಮ, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು.

ಈಗ ಗಾಡಿಯ ವಿಷಯ. ಎಸ್‌ಎಲ್2ನ ಬಾಗಿಲು, ಫೆಂಡರ್, ಬಂಪರ್ ಎಲ್ಲ ಪಾಲಿಮರ್, ಅಂದರೆ ಒಂದು ಜಾತಿಯ ಗಟ್ಟಿ ಪ್ಲಾಸ್ಟಿಕ್. ಬಾನೆಟ್, ಚಾವಣಿ, ಡಿಕ್ಕಿಯ ಮುಚ್ಚಳ ಮಾತ್ರ ಉಕ್ಕು. ಒಳಗೆ ಉಕ್ಕಿನ ಹಂದರ, ಅದರ ಮೇಲೆ ಈ ಪ್ಯಾನೆಲ್‌ಗಳನ್ನ ಅಂಗಿ ತೊಡಿಸಿದ ಹಾಗೆ ಬೋಲ್ಟ್ ಹಾಕಿ ಕೂರಿಸುತ್ತಿದ್ದರು. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ, ಅದಕ್ಕೇ ಪ್ಯಾನೆಲ್‌ಗಳ ನಡುವೆ ಸಂದು ಬೇರೆ ಕಾರುಗಳಿಗಿಂತ ಅಗಲ. ನೋಡಿದವರು 'ಜೋಡಣೆ ಸರಿಯಿಲ್ಲ' ಅನ್ನೋರು. ಅವರಿಗೆ ಕಾರಣ ಹೇಳಿ ಹೇಳಿ ನನಗೆ ಅದೂ ಒಂದು ಹೆಮ್ಮೆಯಾಗಿತ್ತು. ಒಂದು ಸಲ ಸೂಪರ್ ಮಾರ್ಕೆಟ್ಟಿನ ಇಳಿಜಾರಿನಲ್ಲಿ ತಳ್ಳುಗಾಡಿಯೊಂದು ತಾನಾಗೇ ಉರುಳಿಬಂದು ಹಿಂದಿನ ಬಾಗಿಲಿಗೆ ಹೊಡೆಯಿತು. ಓಡಿಹೋಗಿ ನೋಡಿದರೆ ಒಂದು ಬಿಳಿ ಗೀಟು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದೂ ಹೋಯಿತು. ಪಕ್ಕದಲ್ಲಿ ನಿಂತಿದ್ದ ದೊಡ್ಡ ಕಾರಿಗೆ ಅದೇ ಗಾಡಿ ತಗುಲಿ ಅಂಗೈ ಅಗಲದ ತಗ್ಗು ಬಿದ್ದಿತ್ತು. ಇನ್ನೊಂದು ವಸಂತದಲ್ಲಿ ಆಲಿಕಲ್ಲು ಮಳೆ. ಚಾವಣಿ, ಬಾನೆಟ್ ತುಂಬ ಸಿಡುಬಿನ ಕಲೆ. ಬಾಗಿಲುಗಳು ನುಣ್ಣಗೆ ಇದ್ದ ಹಾಗೇ ಇದ್ದವು.

ಎಂಜಿನ್ 1.9 ಲೀಟರ್, 124 ಅಶ್ವಶಕ್ತಿ, ಎಂಜಿನ್ನಿನ ವಾಲ್ವುಗಳನ್ನ ತಾಳಕ್ಕೆ ಸರಿಯಾಗಿ ಆಡಿಸೋಕೆ (ಟೈಮಿಂಗ್ ಅನ್ನೋದು ಇದನ್ನೇ) ರಬ್ಬರ್ ಬೆಲ್ಟ್ ಅಲ್ಲ, ಚೈನು. ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 34 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ ಹದಿನಾಲ್ಕು ಕಿಲೋಮೀಟರಿನ ಮೇಲೆ. ಅಟ್ಲಾಂಟಾದ ನೃಪತುಂಗ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಕ್ಕೆ ಹೋಗೋವಾಗ ಐ-24 ಹೆದ್ದಾರಿಯಲ್ಲಿ ಮಾಂಟಿಗಲ್ ಬೆಟ್ಟ ಹತ್ತಬೇಕು. ಲಾರಿಗಳು ಬಲಗಡೆ ಏದುಸಿರು ಬಿಡುತ್ತಾ ಸಾಲುಗಟ್ಟಿರುತ್ತವೆ. ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲೋಕೆ ಅಂತ ಪಕ್ಕದಲ್ಲಿ ದಾರಿ ಮಾಡಿಟ್ಟಿದ್ದಾರೆ. ಶಿರಾಡಿ ಘಾಟಿ ಬಲ್ಲವರಿಗೆ ಆ ಬೆಟ್ಟ ಪರಿಚಯದ ಹಾಗೇ ಅನ್ನಿಸುತ್ತೆ. ನಾಲ್ಕಕ್ಕೆ ಇಳಿಸಿ, ಇನ್ನೂ ಕಡಿದಾದ ಕಡೆ ಮೂರಕ್ಕೆ ಇಳಿಸಿ ಹತ್ತಿಸಿದರೆ ಎಂಜಿನ್ ಕೂಗುತ್ತಿತ್ತು, ಆದರೆ ಬಿಡುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಬಿಸಿಬೇಳೆಬಾತಿನ ಪಾತ್ರೆ, ಅದನ್ನ ಮಗುವಿನ ಹಾಗೆ ಹಿಡಿದು ಕೂತ ಹೆಂಡತಿ. ಆ ಸದ್ದು ನನಗೆ ಇವತ್ತೂ ಕೇಳಿಸುತ್ತೆ.

1998ರಲ್ಲಿ ಅಪ್ಪ ಅಮ್ಮ ಬಂದಾಗ ಸ್ಪ್ರಿಂಗ್ ಹಿಲ್ ಕಾರ್ಖಾನೆಗೇ ಕರೆದುಕೊಂಡು ಹೋದೆ. ಹಿಂದೆ ಅದೆಲ್ಲ ಹೊಲ, ಕುದುರೆ ಸಾಕುವ ಜಾಗ. ಹಳೆಯ ಕುದುರೆ ಲಾಯವನ್ನೇ ಸ್ವಾಗತ ಕೇಂದ್ರ ಮಾಡಿದ್ದರು. ಜನರಲ್ ಮೋಟರ್ಸ್‌ನ ಮುಖ್ಯಸ್ಥ ರೋಜರ್ ಸ್ಮಿತ್ 1985ರ ಜನವರಿಯಲ್ಲಿ ಸ್ಯಾಟರ್ನನ್ನ ಪ್ರತ್ಯೇಕ ಕಂಪನಿ ಅಂತ ಘೋಷಿಸಿದ್ದು, ಮೊದಲ ಕಾರು 1990ರ ಜುಲೈ 30ರಂದು ಹೊರಬಂದದ್ದು, ಜಪಾನಿನ ಸಣ್ಣ ಕಾರುಗಳಿಗೆ ಉತ್ತರ ಕೊಡೋಕೆ ಹೊರಟದ್ದು ಎಲ್ಲ ಅಲ್ಲಿ ಕೇಳಿದೆವು. ನಿವೃತ್ತ ಮೇಷ್ಟ್ರು ನಮ್ಮಪ್ಪ. ಅವರ ಮನಸ್ಸಿಗೆ ಹಿಡಿದದ್ದು ಎಂಜಿನ್ ಎರಕದ ವಿಷಯ. ಫೋಮಿನಲ್ಲಿ ಎಂಜಿನ್ನಿನ ಪಡಿಯಚ್ಚು ಮಾಡಿ, ಸುತ್ತ ಮರಳು ತುಂಬಿ, ಕರಗಿದ ಅಲ್ಯೂಮಿನಿಯಂ ಹೊಯ್ದರೆ ಫೋಮು ಆವಿಯಾಗಿ ಲೋಹ ಆ ಜಾಗಕ್ಕೆ ಕೂರುತ್ತೆ. 'ಇದು ನಮ್ಮ ಪಂಚಲೋಹದ ವಿಗ್ರಹ ಎರಕ ಹೊಯ್ಯೋ ಥರಾನೇ ಅಲ್ವೇನೋ, ಮೇಣದ ಬದಲು ಫೋಮು!' ಅಂತ ದಾರಿಯುದ್ದ ಅದನ್ನೇ ಹೇಳಿದರು. ಅಮ್ಮ ನೋಡಿದ್ದು ಬೇರೆ. ಅಲ್ಲಿ ಕಾರಿನ ಜೊತೆ ಕೆಲಸಗಾರರು ನಿಂತ ಮರದ ವೇದಿಕೆಯೂ ಸಾಗುತ್ತಿತ್ತು. ಕಾರಿನ ಹಿಂದೆ ಓಡಬೇಕಾಗಿಲ್ಲ, ಜೊತೆಗೇ ತೇಲಿಕೊಂಡು ಹೋಗಿ ಕೆಲಸ ಮುಗಿಸಬಹುದು. 'ಕೆಲಸ ಮಾಡೋರ ಕಾಲು ನೋವು ಯಾರೋ ಯೋಚನೆ ಮಾಡಿದ್ದಾರೆ' ಅಂದರು. ಶನಿಯ ಹೆಸರಿನ ಬಗ್ಗೆ ಆಮೇಲೆ ಮಾತೆತ್ತಲಿಲ್ಲ.

1994ರಲ್ಲಿ ಇದೇ ಊರಿಗೆ ದೇಶದ ಮೂಲೆಮೂಲೆಯಿಂದ ನಲವತ್ತು ಸಾವಿರಕ್ಕೂ ಹೆಚ್ಚು ಜನ ತಮ್ಮ ಸ್ಯಾಟರ್ನ್ ಓಡಿಸಿಕೊಂಡು 'ತವರಿಗೆ' ಬಂದಿದ್ದರಂತೆ. ಯಾಕೆ ಬಂದರು ಅಂತ ನಾನು ಕೇಳಲಿಲ್ಲ. 1991ರಲ್ಲಿ ಎಂಜಿನ್ ತಣ್ಣಗಿಡುವ ದ್ರವ, ಕೂಲೆಂಟ್, ಕೆಟ್ಟದ್ದು ಬಂದಿತ್ತು ಅಂತ 1,836 ಕಾರುಗಳನ್ನ ರಿಪೇರಿ ಮಾಡದೆ, ಬದಲಿಗೆ ಬೇರೆ ಕಾರನ್ನೇ ಕೊಟ್ಟ ಕಂಪನಿ ಅದು.

ವ್ಯೂ ಬಗ್ಗೆ ಇಷ್ಟು ಉದ್ದ ಹೇಳೋದಿಲ್ಲ. ಮಗಳು ಹುಟ್ಟಿ, ಸಾಮಾನು ಹೆಚ್ಚಾಗಿ ಎತ್ತರದ ಗಾಡಿ ಬೇಕಾಯಿತು. 2004ರ ಮಾದರಿಯಿಂದ ವ್ಯೂ ವಿ6ಗೆ ಹೋಂಡಾ ಕಂಪನಿಯ 3.5 ಲೀಟರ್, 250 ಅಶ್ವಶಕ್ತಿಯ ಎಂಜಿನ್ ಬಂತು, ಐದು ಗೇರಿನ ಆಟೋಮ್ಯಾಟಿಕ್ ಕೂಡ ಹೋಂಡಾದ್ದೇ. ಮೈ ಮಾತ್ರ ಅದೇ ಪಾಲಿಮರ್. ಮಾಂಟಿಗಲ್ ಬೆಟ್ಟವನ್ನ ಇದು ಬೆಟ್ಟವೇ ಅಲ್ಲ ಅನ್ನೋ ಹಾಗೆ ಹತ್ತುತ್ತಿತ್ತು. ಒಳ್ಳೆಯ ಗಾಡಿ. ಮಗಳು ಡ್ರೈವಿಂಗ್ ಕಲಿತದ್ದು ಇದರಲ್ಲೇ. ಆದರೆ ಪ್ರೀತಿ ಹಸಿರಿನ ಮೇಲೇ ಉಳಿಯಿತು.

ಕಂಪನಿ ಹೇಗೆ ಮುಗಿಯಿತು ಅನ್ನೋದು ನನಗೆ ಇನ್ನೂ ಸಂಕಟದ ವಿಷಯ. ನಮ್ಮ ಎಸ್‌ಎಲ್2 ಸೇರಿದ್ದ ಎಸ್ ಸರಣಿಯ ಕಾರನ್ನ 1990ರಿಂದ 2002ರವರೆಗೆ ಅದೇ ಬುಡದ ಮೇಲೆ ಎಳೆದರು. ಹೊಸ ಮಾದರಿಗೆ ಹಾಕಬೇಕಾದ ದುಡ್ಡು ಹಾಕಬೇಕಾದ ಹೊತ್ತಿಗೆ ಬರಲಿಲ್ಲ. ಬಂದಾಗ ಪ್ಲಾಸ್ಟಿಕ್ ಮೈ ಹೋಗಿ, ಬೇರೆ ಹೆಸರಿನ ಕಾರುಗಳ ಅಣ್ಣತಮ್ಮಂದಿರೇ ಸ್ಯಾಟರ್ನ್ ಆದರು. ಸ್ಯಾಟರ್ನ್‌ನ ಔರಾ ಅನ್ನೋ ಕಾರು 2007ರಲ್ಲಿ ಉತ್ತರ ಅಮೆರಿಕದ ವರ್ಷದ ಕಾರು ಅನ್ನಿಸಿಕೊಂಡಿತು, ನಿಜ. ಆದರೆ ಅದೇ ವರ್ಷ ಸ್ಪ್ರಿಂಗ್ ಹಿಲ್‌ನಲ್ಲಿ ಸ್ಯಾಟರ್ನ್ ಮಾಡೋದನ್ನ ನಿಲ್ಲಿಸಿದರು. 2009ರಲ್ಲಿ ರೇಸಿಂಗ್ ತಂಡ, ಕಾರು ಅಂಗಡಿಗಳ ಒಡೆಯ ರೋಜರ್ ಪೆನ್‌ಸ್ಕೆ ಕಂಪನಿಯನ್ನ ಕೊಳ್ಳುತ್ತಾರೆ ಅಂದಾಗ ನಮಗೆಲ್ಲ ಜೀವ ಬಂತು. ಮುಂದೆ ಕಾರು ಮಾಡಿಕೊಡಬೇಕಿದ್ದ ಫ್ರಾನ್ಸಿನ ರೆನೋ ಕಂಪನಿ ಒಪ್ಪಲಿಲ್ಲ. ಸೆಪ್ಟೆಂಬರ್ 30ಕ್ಕೆ ಮಾತು ಮುರಿಯಿತು. ಆಫೀಸಿನಲ್ಲಿ ಸುದ್ದಿ ಓದಿ ಪಾರ್ಕಿಂಗ್ ಜಾಗಕ್ಕೆ ಹೋಗಿ ಕಾರಿನೊಳಗೆ ಸುಮ್ಮನೆ ಕೂತಿದ್ದೆ. ಒಂದು ವರ್ಷದಲ್ಲಿ ಹೆಸರೇ ಇಲ್ಲವಾಯಿತು.

ಅಂಗಡಿ ಮುಚ್ಚಿದ ಮೇಲೆ ಜನರಲ್ ಮೋಟರ್ಸ್‌ನ ಬೇರೆ ಡೀಲರುಗಳು ಸರ್ವೀಸ್ ಮಾಡಿಕೊಟ್ಟರು. ಬಿಡಿಭಾಗಕ್ಕೆ ಹೆಚ್ಚು ತೊಂದರೆಯಾಗಲಿಲ್ಲ. ಎಚ್ಚರ ಬೇಕಾದ್ದು ಕೆಲಸ ಗೊತ್ತಿಲ್ಲದವರ ಕೈಗೆ ಕೊಡುವಾಗ. ಒಂದು ಗ್ಯಾರೇಜಿನಲ್ಲಿ ಉಕ್ಕಿನ ಬಾಗಿಲು ಅಂದುಕೊಂಡು ಬಲ ಹಾಕಿ ಎಳೆದು, ವ್ಯೂನ ಪ್ಯಾನೆಲ್ ಹಿಡಿದಿಡುವ ಕ್ಲಿಪ್ಪುಗಳನ್ನ ಮುರಿದರು. ಆ ಹುಡುಗನಿಗೆ ಹೇಳಿದ ಉತ್ತರ ಇದು: ಹೋಂಡಾ ಎಂಜಿನ್ನಿನ ವಿ6 ಆದರೆ, 1,00,000 ಮೈಲಿಯ ಸುಮಾರಿಗೆ ಟೈಮಿಂಗ್ ಬೆಲ್ಟ್ ಬದಲಾಯಿಸಿದ ರಸೀದಿ ಕೇಳು. ರಸೀದಿ ಇದ್ದರೆ ತಗೋ, ಇಲ್ಲದಿದ್ದರೆ ಆ ಖರ್ಚು ಬೆಲೆಯಲ್ಲಿ ಕಳೆ. ಎರಡು ಸಲ ಪೆಟ್ರೋಲ್ ಹಾಕಿಸಿದಾಗ ಒಂದು ಸಲ ಎಂಜಿನ್ ಆಯಿಲ್ ಕಡ್ಡಿ ತೆಗೆದು ನೋಡು. ಆ ಅಭ್ಯಾಸ ನನಗೆ ಕಲಿಸಿದ್ದು ಸ್ಯಾಟರ್ನ್ ಅಂಗಡಿಯವರೇ. ಶನಿವಾರ ಬೆಳಿಗ್ಗೆ ಗಿರಾಕಿಗಳನ್ನ ಕರೆದು, ಕಾಫಿ ಕೊಟ್ಟು, ಬಾನೆಟ್ ತೆಗೆದು ಪಾಠ ಮಾಡುತ್ತಿದ್ದರು.

ಹಸಿರು ಕಾರು 2011ರಲ್ಲಿ ಮಾರಿದೆ. ಕೆಂಟಕಿಯಿಂದ ಒಬ್ಬ ಯುವಕ ಬಂದ. ಅವನದೊಂದು ಬಿಳಿ ಎಸ್‌ಎಲ್2 ಇದೆ, ಅಪಘಾತವಾಗಿ ಎಡಗಡೆ ಬಾಗಿಲುಗಳು ಒಡೆದಿವೆ, ಪ್ಯಾನೆಲ್ ಬೇಕು ಅಂದ. ಜೇಬಿನಿಂದ ನೋಟು ತೆಗೆದು, ಹೇಳಿದ್ದಕ್ಕಿಂತ ಕಡಿಮೆ ಎಣಿಸೋಕೆ ಶುರು ಮಾಡಿದ. 'ಸ್ಯಾಟರ್ನ್ ಕಣಪ್ಪಾ, ಒಂದೇ ಬೆಲೆ' ಅಂದೆ. ಅವನು ತಲೆಯೆತ್ತಿ ನೋಡಿ, 'ನಮ್ಮಮ್ಮನಿಗೂ ಅಂಗಡಿಯಲ್ಲಿ ಹೀಗೇ ಅಂದಿದ್ದರು' ಅಂತ ಪೂರ್ತಿ ಎಣಿಸಿಕೊಟ್ಟ. ಟ್ರೈಲರ್ ಮೇಲೆ ಹತ್ತಿಸೋ ಮುಂಚೆ ನಾನೇ ಒಂದು ಸಲ ತೊಳೆದೆ. ಬಾನೆಟ್ಟಿನ ಅಂಚಿನ ಸಂದಿನಲ್ಲಿ ಕುಂಕುಮ ಇನ್ನೂ ಅಂಟಿಕೊಂಡಿತ್ತು, ಅದನ್ನ ತೆಗೆಯೋಕೆ ಹೋಗಲಿಲ್ಲ.

ಎರಡು ವಾರ ಬಿಟ್ಟು ಒಂದು ಫೋಟೋ ಕಳಿಸಿದ. ಅವನ ಬಿಳಿ ಕಾರು, ಎಡಗಡೆ ಎರಡು ಬಾಗಿಲು ಮಾತ್ರ ಕಡು ಹಸಿರು. ಹಿಂದಿನದು ತಳ್ಳುಗಾಡಿ ಹೊಡೆದ ಬಾಗಿಲು. ಒಂದು ಗೀಟೂ ಇರಲಿಲ್ಲ.