ಮಳೆಕಾಡಿನ ಅಧ್ಯಯನ ಶಿಬಿರ: ಆಗುಂಬೆ, ಬಿಳಿಗಿರಿ, ಇಲ್ಲವೇ ಕತ್ತಲೆಕಾನಿನಿಂದ ಕಡಲವರೆಗೆ?

ಇಪ್ಪತ್ತು ವಿದ್ಯಾರ್ಥಿಗಳು, ಇಬ್ಬರು ಮೇಷ್ಟ್ರು, ನಾಲ್ಕು ರಾತ್ರಿ. ಈ ಲೆಕ್ಕದಲ್ಲಿ ಮೂರೂ ಕಡೆ ಮಾಡಿ ನೋಡಿದ ಮೇಲೆ ನಮ್ಮ ಓಟು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಶುರುವಾಗಿ ಹೊನ್ನಾವರ, ಕುಮಟಾದ ಅಳಿವೆಗಳಲ್ಲಿ (ನದಿ ಕಡಲು ಸೇರುವ ಕಡೆ) ಮುಗಿಯುವ ದಾರಿಗೆ. ಅದೂ ಜನವರಿಯಲ್ಲಿ.

ಆಗುಂಬೆ ಎಂದರೆ ಎಲ್ಲರಿಗೂ ಮಳೆಗಾಲದಲ್ಲೇ ಹೋಗುವ ಆಸೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಊರು. ಕಪ್ಪೆ, ಅಣಬೆ, ರಾತ್ರಿ ಮಿನುಗುವ ಶಿಲೀಂಧ್ರ ನೋಡಲು ಜುಲೈಗೆ ಸಾಟಿಯಿಲ್ಲ. ಆದರೆ ನೋಡುವುದು ಬೇರೆ, ಅಳೆದು ಬರೆಯುವುದು ಬೇರೆ. ಉಂಬಳಕ್ಕೆ (ಜಿಗಣೆಗೆ) ಒತ್ತು ನೇಯ್ಗೆಯ, ಮಂಡಿವರೆಗಿನ ಬಟ್ಟೆಯ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಕಟ್ಟಿದರೆ ಸಾಕು. ಉಪ್ಪು ಮಳೆಗೆ ತೊಳೆದುಹೋಗುತ್ತದೆ. ನಿಜವಾದ ಕಾಟ ಬರವಣಿಗೆಯದು.

ಒದ್ದೆ ಹಾಳೆಯ ಮೇಲೆ ಬಾಲ್ ಪೆನ್ ಮೂಡುವುದಿಲ್ಲ, ಜೆಲ್ ಪೆನ್ನಿನ ಶಾಯಿ ಹರಡುತ್ತದೆ. ಮೊಬೈಲಿನಲ್ಲಿ ತುಂಬೋಣ ಎಂದರೆ ಪರದೆಯ ಮೇಲೆ ಬಿದ್ದ ಹನಿಯನ್ನೇ ಅದು ಬೆರಳೆಂದುಕೊಂಡು ಅಂಕಿ ಬದಲಿಸುತ್ತದೆ. ಉಳಿಯುವುದು 2ಬಿ ಪೆನ್ಸಿಲ್, ದಪ್ಪ ಹಾಳೆ, ಮತ್ತು ಕೈ ಒಳಗೆ ತೂರುವಷ್ಟು ಅಗಲವಾದ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿಟ್ಟ ಕ್ಲಿಪ್ ಬೋರ್ಡು. ಕೊಡೆ ಹಿಡಿಯಲೆಂದೇ ಒಬ್ಬರು ಬೇಕು. ಹೀಗೆ ಮೂವರ ತಂಡ ನಾಲ್ವರದಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಮಳೆಯ ಸದ್ದು. ಮರದ ಸುತ್ತಳತೆಗೆ ಟೇಪು ಹಿಡಿದವರು ‘ಐವತ್ತೊಂದು’ ಎಂದರೆ ಬರೆಯುವವರಿಗೆ ‘ಅರವತ್ತೊಂದು’ ಎಂದು ಕೇಳುತ್ತದೆ. ಸಂಜೆ ಪಟ್ಟಿ ಕೂಡಿಸುವಾಗ ಈ ತಪ್ಪು ಸಿಗುವುದೇ ಇಲ್ಲ, ಏಕೆಂದರೆ ಎರಡೂ ನಂಬುವಂಥ ಸುತ್ತಳತೆಗಳೇ. ಅಂಕಿಗಳನ್ನು ಬಿಡಿಬಿಡಿಯಾಗಿ ‘ಐದು, ಒಂದು’ ಎಂದು ಕೂಗಬೇಕು, ಬರೆದವರು ಅದನ್ನೇ ತಿರುಗಿ ಹೇಳಬೇಕು. ಮರ ಅಳೆಯಲು ಗುರುತು ಹಾಕಿದ, ಒಣ ದಿನ ಒಂದು ಗಂಟೆಯಲ್ಲಿ ಮುಗಿಯುವ 20×20 ಮೀಟರ್ ಚೌಕಕ್ಕೆ ಇಲ್ಲಿ ಎರಡೂವರೆ ಗಂಟೆ ಹಿಡಿಯಿತು. 180 ಮೀಟರ್ ಗೆರೆ ಹಾಕಿ, 20 ಮೀಟರ್ ಬಿಟ್ಟು ಬಿಟ್ಟು, ಎಡಕ್ಕೊಂದು ಬಲಕ್ಕೊಂದು ಎಂಬಂತೆ ಐದು ಚೌಕ ಮಾಡುವ ರೂಢಿಯ ಕ್ರಮ ಹಿಡಿದರೆ ಶಿಬಿರದ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತದೆ. ಕಪ್ಪೆಯೇ ನಿಮ್ಮ ವಿಷಯವಾದರೆ ಮಾತ್ರ ಜುಲೈ ಆಗುಂಬೆ ಆರಿಸಿಕೊಳ್ಳಿ.

ಬಿಳಿಗಿರಿರಂಗನ ಬೆಟ್ಟದಲ್ಲಿ ಕುರುಚಲಿನಿಂದ ಶೋಲೆಯವರೆಗೆ (ಬೆಟ್ಟದ ಮೇಲಿನ ನಿತ್ಯಹಸಿರು ಕಾಡು) ಎಲ್ಲ ಬಗೆಯ ಕಾಡೂ ಒಂದೇ ಕಡೆ ಇದೆ. ಸಂರಕ್ಷಣೆಯ ಪಾಠಕ್ಕಂತೂ ಇದಕ್ಕಿಂತ ಒಳ್ಳೆಯ ಜಾಗವಿಲ್ಲ: 1974ರಲ್ಲಿ ಅಭಯಾರಣ್ಯವಾದ ಮೇಲೆ ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಹಾಕುತ್ತಿದ್ದ ತರಗು ಬೆಂಕಿ ನಿಂತದ್ದು, ಲಂಟಾನ ಕಳೆ ಹಬ್ಬಿದ್ದು, 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದು. ಇದನ್ನೆಲ್ಲ ಸೋಲಿಗ ಹಿರಿಯರ ಬಾಯಲ್ಲೇ ಕೇಳಬೇಕು. ಆದರೆ ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಪ್ಪತ್ತು ಮಂದಿ ನಡೆದಾಡುವಂತಿಲ್ಲ. ಜೀಪಿನಲ್ಲಿ ಕೂತು ಮರದ ಸುತ್ತಳತೆ ತೆಗೆಯಲಾಗದು.

ಇನ್ನು ಕತ್ತಲೆಕಾನು. ಬೆಂಗಳೂರಿನಿಂದ ತಾಳಗುಪ್ಪಕ್ಕೆ ರಾತ್ರಿ ರೈಲು, ಅಲ್ಲಿಂದ ಹೊನ್ನಾವರದ ಹೆದ್ದಾರಿಯಲ್ಲಿ ಸರ್ಕಾರಿ ಬಸ್ಸು. ಬಾಡಿಗೆ ವಾಹನದ ಖರ್ಚು ಉಳಿದದ್ದು ನಮ್ಮಂಥ ಕಾಲೇಜಿಗೆ ದೊಡ್ಡ ಮಾತು. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲಿಗೂ ಬೇಕು. ಹೆಸರುಗಳ ಪಟ್ಟಿ ಮತ್ತು ಯಾವ ಗೆರೆಯಲ್ಲಿ ನಡೆಯುತ್ತೀರಿ ಎಂಬ ನಕ್ಷೆಯ ಸಮೇತ ಎರಡು ತಿಂಗಳು ಮುಂಚೆ ಅರ್ಜಿ ಕೊಡಿ.

ಇಲ್ಲಿನ ರಾಮಪತ್ರೆ ಜಡ್ಡಿಯ (ರಾಮಪತ್ರೆ ಮರಗಳು ಬೆಳೆಯುವ ಜೌಗಿನ) ಕೆಸರಿನಲ್ಲಿ ಗಾಳಿ ಸಿಗದೆ ಬೇರುಗಳು ಮೇಲೆದ್ದು, ಮಂಡಿಯಂತೆ ಮಡಚಿ ಮತ್ತೆ ಒಳಗಿಳಿಯುತ್ತವೆ. ಅವುಗಳ ಮೇಲೆ ಕಾಲಿಡಕೂಡದು. ಆರಾರು ಮಂದಿ, ಒಬ್ಬರ ಹಿಂದೊಬ್ಬರು, ತೊರೆಯ ಒಂದೇ ದಡದಲ್ಲಿ ಸಾಗಲಿ. ಜನವರಿಯಲ್ಲೂ ಜಡ್ಡಿ ಒಣಗಿರುವುದಿಲ್ಲ, ಹಾಳೆ ಮಾತ್ರ ಒಣಗಿರುತ್ತದೆ. 130 ಸೆಂ.ಮೀ. ಎತ್ತರದಲ್ಲಿ ಸುತ್ತಳತೆ 30 ಸೆಂ.ಮೀ. ಮೀರಿದ ಮರಗಳನ್ನಷ್ಟೇ ಅಳೆದು ಐದೂ ಚೌಕಗಳನ್ನು ಒಂದೂವರೆ ದಿನದಲ್ಲಿ ಮುಗಿಸಬಹುದು.

ಈ ದಾರಿಯನ್ನು ಮೇಲೆ ಇಟ್ಟದ್ದಕ್ಕೆ ಮುಖ್ಯ ಕಾರಣ ಕೆಳಗಿನ ಎರಡು ಅಳಿವೆಗಳು. ಹೊನ್ನಾವರದ ಶರಾವತಿಗೆ 1964ರಿಂದ ಲಿಂಗನಮಕ್ಕಿ ಅಣೆಕಟ್ಟು. ವಿದ್ಯುದಾಗಾರದಿಂದ ವರ್ಷವಿಡೀ ಸಿಹಿನೀರು ಇಳಿಯುವುದರಿಂದ ಅಳಿವೆಯ ಉಪ್ಪು ಕುಗ್ಗಿ ಬಳಚು (ಚಿಪ್ಪುಮೀನು) ಕಡಿಮೆಯಾಗಿದೆ. ಕುಮಟಾದ ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ಮಳೆ ನಿಂತ ಮೇಲೆ ಉಪ್ಪು ಏರುತ್ತಾ ಹೋಗುತ್ತದೆ, ಬಳಚು ಆಯುವವರು ಕೆಸರಿನಲ್ಲಿ ಸೊಂಟಮಟ್ಟ ನಿಂತಿರುತ್ತಾರೆ. 2024ರಲ್ಲಿ ಇದು ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ನೀರಿನ ಉಪ್ಪು ಅಳೆಯುವ ಒಂದೇ ರಿಫ್ರ್ಯಾಕ್ಟೋಮೀಟರ್ ಹಿಡಿದು ಎರಡೂ ಕಡೆ ಕಡಲಬಾಯಿಂದ ಮೇಲಕ್ಕೆ ಎರಡೆರಡು ಕಿ.ಮೀ.ಗೊಂದು ಹನಿ ನೋಡಿದರೆ, ಅಣೆಕಟ್ಟು ಅಳಿವೆಗೆ ಏನು ಮಾಡುತ್ತದೆ ಎಂಬುದನ್ನು ಹುಡುಗರು ತಾವೇ ಗ್ರಾಫ್‌ನಲ್ಲಿ ಎಳೆಯುತ್ತಾರೆ. ಪ್ರತಿ ಸಲ ಅದರ ಗಾಜು ಒರೆಸಿ, ಬೆಳಿಗ್ಗೆ ಶುದ್ಧ ನೀರಿಗೆ ಸೊನ್ನೆ ತೋರಿಸುವಂತೆ ಸರಿಮಾಡಿಕೊಳ್ಳಬೇಕು.

ಎರಡೂ ಅಳಿವೆಗಳಲ್ಲಿ ಉಬ್ಬರವಿಳಿತದ ಒಂದೇ ಹಂತದಲ್ಲಿ ಅಳೆಯಬೇಕು, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮೊದಲ ದಿನ ಹೊನ್ನಾವರದಲ್ಲಿ ಎಂಟಕ್ಕೆ ಇಳಿದಿದ್ದರೆ ಮರುದಿನ ಕುಮಟಾದಲ್ಲಿ ದೋಣಿಯನ್ನು ಒಂಬತ್ತರ ಹೊತ್ತಿಗೆ ಹೇಳಿಡಿ.