ಬಳ್ಳಾರಿಯಲ್ಲಿ ಏರ್ ರೈಫಲ್ ಗಾಳಿ ಸೋರುತ್ತಿದ್ದರೆ ಈ ಸೀಲ್ ಅಂಗಡಿಗೆ ಹೋಗಿ

ಕೌಲ್ ಬಜಾರ್‌ನಲ್ಲಿರುವ ಈ ಅಂಗಡಿಯಲ್ಲಿ ಮುಖ್ಯವಾಗಿ ಟಿಪ್ಪರ್ ಜಾಕು, ಜೆಸಿಬಿ ಸಿಲಿಂಡರುಗಳ ಸೀಲ್ ಬದಲಾಯಿಸುತ್ತಾರೆ. ಗಣಿ ಲಾರಿಗಳ ಊರಲ್ಲಿ ಇಂಥ ಅಂಗಡಿಗಳು ಬೇಕಾದಷ್ಟಿವೆ. ಆದರೆ ಇಲ್ಲಿನ ಮೇಸ್ತ್ರಿ, ಒತ್ತಡದ ಗಾಳಿಯಿಂದ 10 ಮೀಟರ್ ದೂರದ ಗುರಿಗೆ ಹೊಡೆಯುವ ಸ್ಪರ್ಧೆಯ ಏರ್ ರೈಫಲ್‌ಗಳ ಸೋರಿಕೆಯನ್ನೂ ನೋಡುತ್ತಾರೆ. ಮಗಳ ರೈಫಲ್ ರಿಪೇರಿ ಆದಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ನಮ್ಮದು 200 ಬಾರ್ ಒತ್ತಡದವರೆಗೆ ಗಾಳಿ ತುಂಬುವ, ಸಿಲಿಂಡರ್ ಬಿಚ್ಚಿಡಬಹುದಾದ ರೈಫಲ್. ರಾತ್ರಿ ಹಾಗೇ ಇಟ್ಟರೆ ಬೆಳಿಗ್ಗೆ ಒತ್ತಡ ತೋರಿಸುವ ಮುಳ್ಳು ಅರ್ಧಕ್ಕೆ ಬಂದಿರುತ್ತಿತ್ತು. ಮೊದಲು ಬೇರೆ ಊರಿನ ಒಬ್ಬರಿಗೆ ಕಳಿಸಿದ್ದೆವು. ಎಲ್ಲಿ ಸೋರುತ್ತಿದೆ ಅಂತ ನೋಡದೆ ಇದ್ದಬದ್ದ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಎಲ್ಲಾ ಬದಲಾಯಿಸಿ ದೊಡ್ಡ ಬಿಲ್ ಕೊಟ್ಟರು. ಸೋರಿಕೆ ಮಾತ್ರ ಹಾಗೇ ಇತ್ತು.

ಇಲ್ಲಿನ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: "ಸಿಲಿಂಡರ್ ಬಿಚ್ಚಿಟ್ರೂ ಇಳಿತೈತೇನ್ರಿ?" ಇಳಿಯುತ್ತಿರಲಿಲ್ಲ. ಆದರೂ ಸಿಲಿಂಡರನ್ನಷ್ಟೇ ಬಕೆಟ್ ನೀರಲ್ಲಿ ಮುಳುಗಿಸಿ ನೋಡಿದರು. ಒಂದು ಗುಳ್ಳೆಯೂ ಇಲ್ಲ. ಅಂದರೆ ತೊಂದರೆ ರೈಫಲ್ ಕಡೆ ಇದೆ. ರೈಫಲನ್ನು ಯಾವತ್ತೂ ನೀರಿಗೆ ಹಾಕಬಾರದು, ಅದಕ್ಕೆ ಸೋಪಿನ ನೀರು, ಸಣ್ಣ ಬ್ರಷ್ ಸಾಕು. ಸಿಲಿಂಡರ್ ಕೂರುವ ಜಾಯಿಂಟಿಗೆ ನೊರೆ ಹಚ್ಚಿ ಕಾದರು. ಸಾಸಿವೆ ಗಾತ್ರದ ಗುಳ್ಳೆಗಳು ಒಂದೊಂದಾಗಿ ಎದ್ದವು.

ಬೇರೆಯವರಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು ಅಲ್ವಾ? ಇವರು ನಿಲ್ಲಿಸಲಿಲ್ಲ. ರಾತ್ರಿಯಲ್ಲಿ ಅರ್ಧ ಗಾಳಿ ಹೋಗಲು ಇಷ್ಟು ಸಣ್ಣ ಗುಳ್ಳೆ ಸಾಲದು ಅಂದರು. ಒಳಗೆ ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಗುಂಡು) ಇಲ್ಲದ್ದನ್ನು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು ಬ್ಯಾರಲ್ ಬಾಯಿಗೆ ಒಂದು ಬಲೂನ್ ಸಿಕ್ಕಿಸಿದರು. ನಾವು ಚಹಾ ಕುಡಿದು ಮುಗಿಸುವ ಹೊತ್ತಿಗೆ ಬಲೂನ್ ಮೆಲ್ಲಗೆ ತಲೆ ಎತ್ತಿತ್ತು. ಗುಂಡು ಹೊಡೆದಾಗ ಗಾಳಿ ಬಿಡುವ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಅಂತ ಇದರ ಅರ್ಥ. "ನೋಡವ್ವಾ, ಕಳ್ಳ ಇಲ್ಲಿ ಅದಾನ" ಅಂತ ಮಗಳಿಗೆ ತೋರಿಸಿದರು.

ಗಾಳಿಯನ್ನೆಲ್ಲ ಹೊರಗೆ ಬಿಟ್ಟ ಮೇಲೇ ಬಿಚ್ಚಿದ್ದು. 200 ಬಾರ್ ಅಂದರೆ ಕಾರಿನ ಟೈರಿನಲ್ಲಿರುವ ಒತ್ತಡದ ಸುಮಾರು ನೂರು ಪಟ್ಟು. ಒತ್ತಡ ಇರುವಾಗ ಬಿಚ್ಚಿದರೆ ಪ್ರಾಣಕ್ಕೇ ಅಪಾಯ. ವಾಲ್ವ್ ಕೂರುವ ಜಾಗದಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ ನಮ್ಮೂರಿನ ಕೆಂಪು ದೂಳಿನ ಒಂದು ಕಣ! ವಾಲ್ವಿನ ಮೇಲೆ ಅದು ಕೂದಲೆಳೆಯಷ್ಟು ಗೆರೆ ಕೊರೆದಿತ್ತು. ಸಿಲಿಂಡರ್ ಬಿಚ್ಚಿದಾಗ ಥ್ರೆಡ್ಡಿಗೆ ದೂಳು ಅಂಟುತ್ತದೆ, ಮತ್ತೆ ತಿರುಗಿಸಿ ಕೂರಿಸಿದಾಗ ಗಾಳಿಯ ಜೊತೆ ಒಳಗೆ ಹೋಗುತ್ತದೆ. ಕ್ಯಾಪ್ ಹಾಕಿಯೇ ಇಡಿ ಅಂದರು. ಗೆರೆಯನ್ನು ಗಾಜಿನ ಮೇಲಿಟ್ಟ ನಯವಾದ ಪಾಲಿಶ್ ಪೇಪರಿನಲ್ಲಿ ಮೆತ್ತಗೆ ಉಜ್ಜಿ ಸರಿ ಮಾಡಿದರು. ಇದು ಕೈ ಪಳಗಿದವರ ಕೆಲಸ, ಮನೆಯಲ್ಲಿ ಮಾಡಲು ಹೋಗಬೇಡಿ.

ಜಾಯಿಂಟಿನ ಓ-ರಿಂಗ್ ಒಂದು ಕಡೆ ಚಪ್ಪಟೆಯಾಗಿ, ಅಂಚು ಕಿತ್ತಿತ್ತು. ಅದೇ ಅಳತೆಯ, 90 ಶೋರ್ (ರಬ್ಬರಿನ ಗಟ್ಟಿತನದ ಅಳತೆ) ಗಟ್ಟಿತನದ ನೈಟ್ರೈಲ್ ರಬ್ಬರ್ ರಿಂಗ್ ಹಾಕಿದರು. ಸಾಮಾನ್ಯ 70ರದ್ದು ಇಷ್ಟು ಒತ್ತಡಕ್ಕೆ ಸಂದಿಯೊಳಗೆ ಹಿಂಡಿಕೊಂಡು ಬೇಗ ಹಾಳಾಗುತ್ತದಂತೆ. ಸವರಿದ್ದು ಸಿಲಿಕೋನ್ ಗ್ರೀಸ್ ಮಾತ್ರ. ಇಂಜಿನ್ ಆಯಿಲ್, ಹೊಲಿಗೆ ಮಷೀನ್ ಎಣ್ಣೆ ಇಂಥವು ಒತ್ತಡದ ಗಾಳಿಯ ಜೊತೆ ಸೇರಿದರೆ ಒಳಗೇ ಹೊತ್ತಿಕೊಳ್ಳಬಹುದು. ಅಂಗಡಿ ತುಂಬಾ ಎಣ್ಣೆ ಇದ್ದರೂ ಈ ಕೆಲಸಕ್ಕೆ ಕೈ ತೊಳೆದು, ಬೇರೆ ಬಟ್ಟೆ ಹಾಸಿಕೊಂಡು ಕೂತಿದ್ದು ನನಗೆ ತುಂಬಾ ಹಿಡಿಸಿತು.

ಇನ್ನೊಂದು ಮಾತು ಹೇಳಿ ಕಳಿಸಿದರು. ಮಧ್ಯಾಹ್ನ 40 ಡಿಗ್ರಿ ಬಿಸಿಲಲ್ಲಿ 200 ತೋರಿಸಿದ ಮುಳ್ಳು ಬೆಳಿಗ್ಗೆ 28 ಡಿಗ್ರಿಯಲ್ಲಿ 192ರ ಹತ್ತಿರ ನಿಲ್ಲುತ್ತದೆ. ಅದು ಸೋರಿಕೆ ಅಲ್ಲ, ಗಾಳಿ ತಣ್ಣಗಾಗಿದ್ದು. ಆಗ ತಾನೇ ತುಂಬಿಸಿದ ಸಿಲಿಂಡರೂ ಹೀಗೇ ಸ್ವಲ್ಪ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಇದು ಗೊತ್ತಿಲ್ಲದೆ ಎಷ್ಟು ಜನ ಸುಮ್ನೆ ರೈಫಲ್ ಬಿಚ್ಚಿಸಿದ್ದಾರೋ!

ಈಗ ಮುಳ್ಳು ಗಟ್ಟಿಯಾಗಿ ನಿಂತಿದೆ. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಪಂದ್ಯದ 60 ಗುಂಡು ಮುಗಿಯುವವರೆಗೆ ಗಾಳಿಯ ಚಿಂತೆ ಇಲ್ಲದೆ ಹುಡುಗಿ ಅದರ ಮೇಲೆ ಗಮನ ಇಡಬಹುದು. ನನಗೆ ಬೇಕಾಗಿದ್ದೂ ಅಷ್ಟೇ.

ಕೊರತೆಗಳೂ ಇವೆ. ಲಾರಿ ಕೆಲಸ ಬಂದರೆ ನಮ್ಮದು ಹಿಂದೆ ಬೀಳುತ್ತದೆ, ಅರ್ಧ ದಿನ ಕಾಯಬೇಕಾಗಬಹುದು. ಗಾಳಿ ತುಂಬಿಸುವ ವ್ಯವಸ್ಥೆ ಅಲ್ಲಿಲ್ಲ. ರೆಗ್ಯುಲೇಟರ್ (ಗಾಳಿಯ ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ಭಾಗ) ಕೆಟ್ಟಿದ್ದರೆ ಮುಟ್ಟುವುದಿಲ್ಲ, ಕಂಪನಿಗೇ ಕಳಿಸಿ ಅಂತಾರೆ. ನನ್ನ ಲೆಕ್ಕದಲ್ಲಿ ಅದು ಒಳ್ಳೆಯ ಗುಣವೇ. ತೆಗೆದುಕೊಂಡಿದ್ದು ಒಂದು ರಿಂಗಿನ ದುಡ್ಡು ಮತ್ತು ಕೂಲಿ. ಹೋಗುವಾಗ ಸಿಲಿಂಡರ್ ತುಂಬಿಸಿಕೊಂಡು ಹೋಗಿ, ಖಾಲಿ ಇದ್ದರೆ ಸೋರಿಕೆ ಹುಡುಕಲು ಆಗುವುದಿಲ್ಲ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ.